ಕೆರೆಯ ಹಕ್ಕಿ, ಹಿತ್ತಲ ಕೋಳಿ



ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲ ಬಂತೆಂದರೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಹಿಮಾಲಯದ ಆಚೆಯಿಂದ ಬರುವ ಈ ಅತಿಥಿಗಳು ಸುತ್ತಲ ಹೊಲಗಳಲ್ಲಿ ಮೇಯ್ದು, ಬೇಸಿಗೆ ಹತ್ತಿರವಾಗುತ್ತಲೇ ಹೊರಟುಹೋಗುತ್ತವೆ. ಹಕ್ಕಿಜ್ವರ ತರುವವು ಇವೇ ಅಂತ ಜನ ದೂರುವುದುಂಟು. ದೂರು ಎಷ್ಟು ನಿಜ? ನಡೆದದ್ದನ್ನು ಕೇಳಿ ನೀವೇ ತೀರ್ಮಾನಿಸಿ.

ಹಕ್ಕಿಜ್ವರಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ವೈರಸ್. ಇದರ ಸೌಮ್ಯ ಬಗೆಗಳು ಕಾಡುಬಾತುಗಳ ಕರುಳಿನಲ್ಲಿ ಹಿಂದಿನಿಂದಲೂ ಇವೆ. ಬಾತಿಗೆ ಅದರಿಂದ ಅಷ್ಟಾಗಿ ತೊಂದರೆಯಿಲ್ಲ. ಹಿಕ್ಕೆಯೊಡನೆ ನೀರಿಗೆ ಬೀಳುತ್ತದೆ, ತಣ್ಣೀರಿನಲ್ಲಿ ವಾರಗಟ್ಟಲೆ ಉಳಿಯುತ್ತದೆ, ಆ ನೀರು ಕುಡಿದ ಇನ್ನೊಂದು ಹಕ್ಕಿಯನ್ನು ಸೇರುತ್ತದೆ. ಅದೇ ವೈರಸ್ ಸಾವಿರಾರು ಕೋಳಿಗಳು ಒತ್ತೊತ್ತಾಗಿರುವ ಕಡೆ ಹೊಕ್ಕರೆ, ಒಂದರಿಂದ ಒಂದಕ್ಕೆ ದಾಟುತ್ತ ಮಾರಕವಾಗಿ ಮಾರ್ಪಡಬಲ್ಲದು.

1996ರಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಇಂಥ ಮಾರಕ ವೈರಸ್ ಸಿಕ್ಕಿತು. ಸಿಕ್ಕಿದ್ದು ಕಾಡುಹಕ್ಕಿಯಲ್ಲಲ್ಲ, ಸಾಕಿದ ಹೆಬ್ಬಾತಿನಲ್ಲಿ. ಮರುವರ್ಷ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ತಗುಲಿ 6 ಮಂದಿ ತೀರಿಕೊಂಡರು. 2005ರಲ್ಲಿ ಚೀನದ ಚಿಂಗ್‌ಹಾಯ್ ಸರೋವರದಲ್ಲಿ 6,000ಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತುಬಿದ್ದವು. ಅವುಗಳಲ್ಲಿ ನಮ್ಮ ಈ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚು. ನೋಡಿದಿರಾ? ಸಾಕುಹಕ್ಕಿಗಳಲ್ಲಿ ಬಲಿತ ರೋಗ ಕಾಡುಹಕ್ಕಿಗೆ ತಿರುಗಿ ಬಂದಿತ್ತು! ಅಲ್ಲಿಂದಾಚೆಗೆ ಅದು ಯೂರೋಪು, ಆಫ್ರಿಕಗಳಿಗೂ ಹಬ್ಬಿತು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ ಕಾಣಿಸಿತು. ಭಾರತದಲ್ಲಿ ಅದೇ ಮೊದಲು. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಕಾಗೆಗಳೂ ಕೇರಳದಲ್ಲಿ ಸಾಕುಬಾತುಗಳೂ ಹಕ್ಕಿಜ್ವರದಿಂದ ಸತ್ತವು.

ಹಾಗಾದರೆ ದೂರು ಅರ್ಧ ನಿಜ. ರೋಗ ರೆಕ್ಕೆಯ ಮೇಲೂ ಬರುತ್ತದೆ. ಗಾಡಿಯ ಚಕ್ರ, ಮೊಟ್ಟೆಯ ತಟ್ಟೆ, ಸಂತೆಯ ಬುಟ್ಟಿ, ನಮ್ಮದೇ ಕಾಲಿನ ಕೆಸರು, ಇವುಗಳಿಂದಲೂ ಬರುತ್ತದೆ. ಹಕ್ಕಿಗಳನ್ನು ಹೊಡೆದು ಓಡಿಸಿದರೆ ಅವು ಚೆದರಿ ಬೇರೆ ಕೆರೆಗೆ ಹೋಗುತ್ತವೆ, ಅಷ್ಟೆ. ಕೈಲಾದದ್ದು ಕೆರೆಗೂ ಹಿತ್ತಲಿಗೂ ನಡುವೆ ಬೇಲಿ ಕಟ್ಟುವುದು. ಕೋಳಿಗೆ ಕೆರೆಯ ನೀರು ಕುಡಿಸಬೇಡಿ. ಕಾಡುಹಕ್ಕಿ ಮುಟ್ಟದ ಕಡೆ ಮೇವು ನೀರು ಇಡಿ.

ಕೋಳಿಗಳು ಒಟ್ಟೊಟ್ಟಿಗೆ ಸಾಯತೊಡಗಿದರೆ, "ಕೊಕ್ಕರೆ ರೋಗ ಇರಬೇಕು ಬಿಡು" ಅಂತ ಸುಮ್ಮನಾಗಬೇಡಿ. ಲಕ್ಷಣ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಪರೀಕ್ಷೆ ಮಾಡಿದರೇನೇ ಗೊತ್ತಾಗೋದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ಕಾಗೆ ನಾಯಿಗಳ ಪಾಲಾಗಲು ಬಿಡದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಉಳಿದವನ್ನು ಸಂತೆಗೆ ಸಾಗಿಸಿ ನಾಲ್ಕು ಕಾಸು ಮಾಡಿಕೊಳ್ಳೋಣ ಅನ್ನಿಸುವುದು ಸಹಜ. ಕೋಳಿ ಸಾಕಿದ ತಾಯಿಯ ಸಂಕಟ ಸಣ್ಣದಲ್ಲ. ಆದರೆ ಹಾಗೆ ಹೋದ ಒಂದೇ ಬುಟ್ಟಿ ನೆರೆಯೂರಿನ ಹತ್ತು ಹಿತ್ತಲುಗಳನ್ನು ಬರಿದು ಮಾಡೀತು.

ಹೆಬ್ಬಾತಿಗೆ ಊರಿನ ಗಡಿ ತಿಳಿಯದು. ಬುಟ್ಟಿ ಹೊತ್ತ ನಮಗೆ ತಿಳಿದಿದೆಯಲ್ಲ!