ಮಲಗಿದ್ದ ಕಾರ್ಖಾನೆ ಎದ್ದ ಕಥೆ

ಅಥಣಿಯ ಕೃಷ್ಣಾತೀರದ ಎರೆನೆಲದಲ್ಲಿ ಕಬ್ಬು ಬೆಳೆಯುವ ರೈತನಿಗೆ ಡಿ.ಎ.ಪಿ. ಎಂಬ ಮೂರಕ್ಷರದ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಸೊಸೈಟಿಯ ಬಾಗಿಲಲ್ಲಿ ಸರದಿ ನಿಂತು ಆತ ಹೊತ್ತು ತರುವ ಆ ಚೀಲದಲ್ಲಿ ನೂರಕ್ಕೆ 18 ಪಾಲು ಸಾರಜನಕ, 46 ಪಾಲು ಫಾಸ್ಫೇಟು. ಈ ಹರಳುಗೊಬ್ಬರವನ್ನು ತಯಾರಿಸುವ ಆಧುನಿಕ ವಿಧಾನ ರೂಪುಗೊಂಡದ್ದು ಅಮೆರಿಕದ ಅಲಬಾಮಾ ಸಂಸ್ಥಾನದ ಮಸಲ್ ಶೋಲ್ಸ್ ಎಂಬಲ್ಲಿ. ಅದೂ, ಹದಿನಾಲ್ಕು ವರ್ಷ ನಿಷ್ಕ್ರಿಯವಾಗಿ ಬಿದ್ದಿದ್ದ ಒಂದು ಕಾರ್ಖಾನೆಯ ನೆಲದಲ್ಲಿ.

ಮೊದಲನೆಯ ಮಹಾಯುದ್ಧದ ಕಾಲ. ಸಿಡಿಮದ್ದಿಗೆ ಬೇಕಾದ ನೈಟ್ರೇಟು ಆಗ ಚಿಲಿ ದೇಶದಿಂದ ಹಡಗಿನಲ್ಲಿ ಬರುತ್ತಿದ್ದಿತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಾದಿಯನ್ನು ಕಡಿದರೆ ಗತಿಯೇನು? ಯುದ್ಧ ಬಂದಾಗ ಮದ್ದು, ಶಾಂತಿಯಿದ್ದಾಗ ಗೊಬ್ಬರ ಎಂಬ ಸಂಕಲ್ಪದ ಶಾಸನ 1916ರಲ್ಲಿ ಆಯಿತು. ಟೆನೆಸೀ ನದಿಯ ದಂಡೆಯಲ್ಲಿ ಕಾರ್ಖಾನೆಗಳೆದ್ದವು. ಯಂತ್ರಗಳು ತಿರುಗತೊಡಗಿದ ಹೊತ್ತಿಗೆ 1918ರ ನವೆಂಬರ್ 11 ಬಂದು ಯುದ್ಧವೇ ನಿಂತುಹೋಯಿತು.

ಮದ್ದು ಬೇಡವಾದ ಮೇಲೆ ಗೊಬ್ಬರವನ್ನಾದರೂ ಮಾಡಬಹುದಿತ್ತಲ್ಲ? ಅಲ್ಲಿಯೇ ತೊಡಕು. ಸುಣ್ಣವನ್ನೂ ಕೋಕನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಕಾರ್ಬೈಡು ಮಾಡಿ, ಅದಕ್ಕೆ ಗಾಳಿಯ ಸಾರಜನಕವನ್ನು ಕೂಡಿಸುವ ಅಲ್ಲಿನ ವಿಧಾನ ವಿದ್ಯುತ್ತನ್ನು ಬಕಾಸುರನಂತೆ ನುಂಗುತ್ತಿದ್ದಿತು. ಜರ್ಮನಿಯ ಹೇಬರ್ ಮತ್ತು ಬಾಷ್ ಅವರ ಅಗ್ಗದ ವಿಧಾನದ ಮುಂದೆ ಅದು ಹಳತಾಯಿತು. 1921ರಲ್ಲಿ ಮೋಟಾರು ದೊರೆ ಹೆನ್ರಿ ಫೋರ್ಡ್ ಎಲ್ಲವನ್ನೂ ಕೊಳ್ಳಲು ಮುಂದಾದ. ಜನರ ಹಣದಿಂದ ಕಟ್ಟಿದ್ದು ಜನರದಾಗಿಯೇ ಉಳಿಯಬೇಕೆಂದು ಸೆನೆಟರ್ ಜಾರ್ಜ್ ನಾರಿಸ್ ಹಟ ಹಿಡಿದು ಕುಳಿತ. ಆತನ ಮಸೂದೆಗಳನ್ನು ಇಬ್ಬರು ಅಧ್ಯಕ್ಷರು ತಡೆದರು. ಕೊನೆಗೆ 1933ರ ಮೇ 18ರಂದು ರೂಸ್‌ವೆಲ್ಟರ ಸಹಿಯಿಂದ ಟೆನೆಸೀ ಕಣಿವೆ ಪ್ರಾಧಿಕಾರ ಹುಟ್ಟಿ, ಕಾರ್ಖಾನೆ ಅದರ ಕೈಸೇರಿತು.

ನನಗೆ ಹೆಚ್ಚಿನದಾಗಿ ಕಾಣುವುದು ಆ ಮೇಲಿನ ನಿರ್ಧಾರ. ಸಾರಜನಕಕ್ಕಾಗಿ ಕಟ್ಟಿದ ಕಾರ್ಖಾನೆಯಲ್ಲಿ ಸಾರಜನಕವನ್ನೇ ಮಾಡಬೇಕೆಂದು ಅವರು ಪಟ್ಟು ಹಿಡಿಯಲಿಲ್ಲ. ಪ್ರಾಧಿಕಾರದ ಮೊದಲ ಮೂವರು ನಿರ್ದೇಶಕರಲ್ಲೊಬ್ಬನಾದ ಹಾರ್ಕೋರ್ಟ್ ಮಾರ್ಗನ್ ಕೃಷಿಯನ್ನು ಬಲ್ಲವನು. ಹತ್ತಿ, ಮೆಕ್ಕೆಜೋಳ ಬೆಳೆದು ಸವೆದುಹೋದ ಆ ಕಣಿವೆಯ ಹೊಲಗಳಿಗೆ ಫಾಸ್ಫೇಟು ಕೊಟ್ಟರೆ ದ್ವಿದಳ ಸಸ್ಯಗಳು ಹುಲುಸಾಗುತ್ತವೆ. ಸಾರಜನಕವನ್ನು ಅವು ತಮ್ಮ ಬೇರಿನ ಗಂಟುಗಳ ಮೂಲಕ ಗಾಳಿಯಿಂದಲೇ ತಂದುಕೊಳ್ಳುತ್ತವೆ ಎಂಬುದು ಆತನ ವಾದ. ಜೋಳದ ನಡುವೆ ತೊಗರಿ ಬಿತ್ತುವ ನಮ್ಮ ಕಡೆಯ ಮುದುಕರು ಇದಕ್ಕೆ ತಲೆದೂಗುತ್ತಿದ್ದರು. ಫಾಸ್ಫೇಟು ಕಲ್ಲು ಟೆನೆಸೀಯಲ್ಲೇ ಸಿಗುತ್ತಿದ್ದಿತು. ಅಣೆಕಟ್ಟಿನ ವಿದ್ಯುತ್ತು ಪಕ್ಕದಲ್ಲೇ ಇದ್ದಿತು. 1934ರಲ್ಲಿ ಆ ಆವರಣದ ವಿದ್ಯುತ್ ಕುಲುಮೆಗಳಲ್ಲಿ ಕಲ್ಲು ಕರಗಿ ರಂಜಕ ಹೊರಬಂದಿತು.

ಎರಡನೆಯ ಮಹಾಯುದ್ಧದಲ್ಲಿ ಅದೇ ರಂಜಕ, ಅದೇ ಊರಿನ ಅಮೋನಿಯಂ ನೈಟ್ರೇಟು ಪುನಃ ಮದ್ದುಗುಂಡಿನ ಪಾಲಾದವು. ಯುದ್ಧ ಮುಗಿದ ಮೇಲೆ ಅಲ್ಲಿನ ರಸಾಯನಜ್ಞರು ಮತ್ತೆ ಗೊಬ್ಬರಕ್ಕೆ ಮರಳಿದರು, ಡಿ.ಎ.ಪಿ.ಯ ಹರಳು ಕಟ್ಟುವ ವಿಧಾನ 1960ರ ಸುಮಾರಿಗೆ ಹದಕ್ಕೆ ಬಂದಿತು. ಚಿಲಿಯ ನೈಟ್ರೇಟಿನಂತೆ ನಮ್ಮ ಡಿ.ಎ.ಪಿ.ಯ ದೊಡ್ಡ ಪಾಲು ಇಂದಿಗೂ ಹಡಗಿನಲ್ಲಿಯೇ ಬರುತ್ತದೆ. ಹಡಗು ತಡವಾದ ವರ್ಷ ಅಥಣಿಯ ಸೊಸೈಟಿಯ ಮುಂದೆ ಸರದಿ ಬೀದಿಯ ತಿರುವನ್ನು ದಾಟುತ್ತದೆ.