‘ಇತರೆ’ ಅನ್ನೋ ಖಾತೆ: ಪಿ. ಸಾಯಿನಾಥ್ ಅವರ ಲೆಕ್ಕ (ಸುದ್ದಿ ಹಿಂದಿನ ಜನ, ಭಾಗ 6)

ಬಿಕಾಂ ಓದೋರಿಗೆ ಒಂದು ಸುಲಭದ ಪ್ರಶ್ನೆ. ಸಂಬಳದ ಖಾತೆಯಿಂದ ಒಂದಷ್ಟು ದುಡ್ಡು ತೆಗೆದು ‘ಇತರೆ ಖರ್ಚು’ ಖಾತೆಗೆ ಹಾಕಿದ್ರೆ ಒಟ್ಟು ಖರ್ಚು ಕಡಿಮೆ ಆಗುತ್ತಾ? ಆಗಲ್ಲ. ಸಂಬಳದ ಖಾತೆ ನೋಡೋಕೆ ಚೆನ್ನಾಗಿರುತ್ತೆ, ಅಷ್ಟೇ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಕೆಳಗೆ ಬೇಕಾಗುತ್ತೆ.

ಇವತ್ತಿನ ಕಥೆ ಪಾಲಗುಮ್ಮಿ ಸಾಯಿನಾಥ್ ಅವರದು. 1957ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಇವರ ತಾತ. ದೆಹಲಿಯ ಜೆಎನ್‌ಯುನಲ್ಲಿ ಇತಿಹಾಸ ಓದಿ, 1980ರಲ್ಲಿ ಯುಎನ್‌ಐ ಸುದ್ದಿಸಂಸ್ಥೆ ಸೇರಿದರು. ಆಮೇಲೆ ಮುಂಬೈನ ‘ಬ್ಲಿಟ್ಜ್’ ವಾರಪತ್ರಿಕೆ. ದೊಡ್ಡ ಮನೆತನ, ಕೈಯಲ್ಲಿ ಒಳ್ಳೇ ಕೆಲಸ. ಆರಾಮಾಗಿ ಇರಬಹುದಿತ್ತು.

1991ರಲ್ಲಿ ಆರ್ಥಿಕ ಉದಾರೀಕರಣ ಬಂತು. ಪತ್ರಿಕೆಗಳ ತುಂಬ ಷೇರು ಮಾರುಕಟ್ಟೆ, ಹೊಸ ಕಂಪನಿ, ಹೊಸ ಕಾರುಗಳ ಸುದ್ದಿ. 1993ರಲ್ಲಿ ಸಾಯಿನಾಥ್ ‘ಟೈಮ್ಸ್ ಆಫ್ ಇಂಡಿಯಾ’ದ ಫೆಲೋಶಿಪ್ ತಗೊಂಡು ಅದರ ಉಲ್ಟಾ ದಿಕ್ಕಿಗೆ ಹೊರಟರು: ದೇಶದ ಅತಿ ಬಡ ಜಿಲ್ಲೆಗಳ ಕಡೆಗೆ. ಬಸ್ಸು, ರೈಲು, ಸಿಕ್ಕ ಗಾಡಿ, ಏನೂ ಸಿಗದಿದ್ರೆ ಕಾಲ್ನಡಿಗೆ. ಅಲ್ಲಿಂದ ಬರೆದದ್ದು 84 ವರದಿ.

ಒಂದು ಉದಾಹರಣೆ ಕೇಳಿ. ಒಡಿಶಾದ ಕೋರಾಪುಟ್ ಜಿಲ್ಲೆಯಲ್ಲಿ ಚಿಕಾಪಾರ್ ಅಂತ ಒಂದು ಊರು. 1960ರ ದಶಕದ ಕೊನೆಯಲ್ಲಿ ಮಿಗ್ ವಿಮಾನದ ಕಾರ್ಖಾನೆಗಾಗಿ ಅಲ್ಲಿನ ಆದಿವಾಸಿಗಳನ್ನ, ದಲಿತರನ್ನ ಎಬ್ಬಿಸಿದರು. ಜನ ಬೇರೆ ಕಡೆ ಹೋಗಿ ಮನೆ ಕಟ್ಟಿಕೊಂಡು ಆ ಜಾಗಕ್ಕೂ ಚಿಕಾಪಾರ್ ಅಂತಲೇ ಹೆಸರಿಟ್ಟರು. 1987ರಲ್ಲಿ ಮತ್ತೆ ಎಬ್ಬಿಸಿದರು. ಸಾಯಿನಾಥ್ ಅಲ್ಲಿಗೆ ಹೋಗೋ ಹೊತ್ತಿಗೆ ಮೂರನೇ ಸಲ ಹೊರಡೋ ಭಯ ಶುರುವಾಗಿತ್ತು. ಒಂದೊಂದು ಸಲಾನೂ ಕಾರಣ ‘ಅಭಿವೃದ್ಧಿ’ ಅಥವಾ ‘ದೇಶದ ರಕ್ಷಣೆ’.

ಹಾಗಂತ ಅವರು ಬರೀ ಗೋಳು ಬರೆದವರಲ್ಲ. ತಮಿಳುನಾಡಿನ ಪುದುಕೋಟ್ಟೈನಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತದ್ದನ್ನೂ ಅಷ್ಟೇ ಆಸಕ್ತಿಯಿಂದ ಬರೆದರು. ಬಸ್ಸಿಗೆ ಕಾಯೋದು, ಅಪ್ಪನನ್ನೋ ಗಂಡನನ್ನೋ ಕಾಯೋದು ತಪ್ಪಿದ್ರೆ ಒಬ್ಬ ಹೆಣ್ಣುಮಗಳ ದಿನ ಹೇಗೆ ಬದಲಾಗುತ್ತೆ ಅನ್ನೋದೇ ಅಲ್ಲಿ ಸುದ್ದಿ.

ಈ ವರದಿಗಳು 1996ರಲ್ಲಿ ಪುಸ್ತಕವಾದವು. ಜಿ.ಎನ್. ಮೋಹನ್ ಅದನ್ನ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಅಂತ ಕನ್ನಡಕ್ಕೆ ತಂದಿದ್ದಾರೆ. ಸಾಯಿನಾಥ್ ಅವರ ವಾದ ಇಷ್ಟು: ಪತ್ರಿಕೆಗಳಿಗೆ ಘಟನೆ ಬೇಕು. ಬರ ಬಂದ್ರೆ, ಜನ ಸತ್ರೆ ಕ್ಯಾಮೆರಾ ಬರುತ್ತೆ. ಆದ್ರೆ ಬಡತನ ಒಂದು ದಿನ ನಡೆಯೋ ಘಟನೆ ಅಲ್ಲ, ದಿನಾ ನಡೀತಾ ಇರುತ್ತೆ. ಅದಕ್ಕೇ ಅದು ಸುದ್ದಿಯಾಗಲ್ಲ.

2004ರಲ್ಲಿ ‘ದಿ ಹಿಂದೂ’ ಪತ್ರಿಕೆಯ ಗ್ರಾಮೀಣ ವ್ಯವಹಾರಗಳ ಸಂಪಾದಕರಾದರು. ಮಹಾರಾಷ್ಟ್ರದ ವಿದರ್ಭದಲ್ಲಿ ಹತ್ತಿ ಬೆಳೆಯೋ ರೈತರು ಸಾಲದ ಹೊರೆಯಲ್ಲಿ ಜೀವ ಕಳ್ಕೊಳ್ತಿದ್ದ ಕಾಲ ಅದು. ಸಾಯಿನಾಥ್ ಮನೆಮನೆಗೆ ಹೋದರು. 2006ರಲ್ಲಿ ಮುಂಬೈನ ಒಂದು ಫ್ಯಾಷನ್ ವೀಕ್‌ಗೆ 500ಕ್ಕೂ ಹೆಚ್ಚು ಪತ್ರಕರ್ತರು ಬಂದಿದ್ದರೆ, ವಿದರ್ಭಕ್ಕೆ ಹೊರಗಿನಿಂದ ಹೋದವರು ಬೆರಳೆಣಿಕೆಯಷ್ಟು ಅಂತ ಅವರು ತೋರಿಸಿದರು. ಅಲ್ಲಿ ವೇದಿಕೆ ಮೇಲೆ ಮೆರೀತಿದ್ದದ್ದು ಹತ್ತಿ ಬಟ್ಟೆ! ಮರುವರ್ಷ, 2007ರಲ್ಲಿ, ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ರೈತರ ಆತ್ಮಹತ್ಯೆಯ ಅಂಕಿಅಂಶ ಕೊಡೋದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅದರ ಪ್ರಕಾರ ಕರ್ನಾಟಕದಲ್ಲಿ 2013ರಲ್ಲಿ 1,403. 2014ರಲ್ಲಿ 321. ಒಂದೇ ವರ್ಷದಲ್ಲಿ ಇಷ್ಟು ಇಳಿಕೆ! ಸಾಯಿನಾಥ್ ಪಕ್ಕದ ಕಾಲಂ ನೋಡಿದರು. ‘ಇತರೆ’ ಅನ್ನೋ ಸಂಖ್ಯೆ ಅದೇ ವರ್ಷ ಭಾರಿ ಏರಿತ್ತು. ವರ್ಗೀಕರಣದ ವಿಧಾನವೇ ಬದಲಾಗಿತ್ತು. ಸಾವು ಇಳಿದದ್ದಕ್ಕಿಂತ ಹೆಚ್ಚಾಗಿ ಖಾತೆ ಬದಲಾಗಿದೆ ಅಂತ ಅವರು ಬರೆದರು.

ಅದಕ್ಕೂ ಮುಂಚೆಯೇ ಅವರು ಇನ್ನೊಂದು ಮಾತು ಹೇಳ್ತಿದ್ದರು. ಹೊಲದ ಕೆಲಸದಲ್ಲಿ ದೊಡ್ಡ ಪಾಲು ಹೆಂಗಸರದ್ದು, ಆದ್ರೆ ಜಮೀನು ಅವರ ಹೆಸರಲ್ಲಿ ಇರಲ್ಲ. ಹಾಗಾಗಿ ಅವರು ಸತ್ರೆ ‘ರೈತ’ ಕಾಲಂಗೆ ಬರದೇ ‘ಗೃಹಿಣಿ’ ಆಗಿಬಿಡ್ತಾರೆ. ಗುತ್ತಿಗೆಗೆ ಜಮೀನು ಮಾಡೋರದ್ದೂ ಇದೇ ಪಾಡು. ಪರಿಹಾರದ ಹಣ ಸಿಗಬೇಕಾದ್ರೆ ಮೊದಲು ಆ ಮನೆಯವರು ರೈತರು ಅಂತ ಸಾಬೀತಾಗಬೇಕಲ್ಲ! ಒಂದು ಕಾಲಂ ತಪ್ಪಿದ್ರೆ ಒಂದು ಮನೆ ಬೀದಿಗೆ ಬರುತ್ತೆ.

2014ರ ಡಿಸೆಂಬರ್‌ನಲ್ಲಿ ಸಾಯಿನಾಥ್ ‘ಪರಿ’ ಅನ್ನೋ ಗ್ರಾಮೀಣ ಭಾರತದ ಜಾಲತಾಣ ಶುರು ಮಾಡಿದರು. ಕನ್ನಡದಲ್ಲೂ ಇದೆ, ಓದೋಕೆ ದುಡ್ಡು ಕೊಡಬೇಕಿಲ್ಲ. 2021ರಲ್ಲಿ ಆಂಧ್ರ ಸರ್ಕಾರ ಕೊಡೋಕೆ ಬಂದ ಪ್ರಶಸ್ತಿಯನ್ನ ಬೇಡ ಅಂದರು. ಯಾವ ಸರ್ಕಾರದ ಬಗ್ಗೆ ಬರೀತೀವೋ ಅದರಿಂದ ಪತ್ರಕರ್ತರು ಪ್ರಶಸ್ತಿ ತಗೋಬಾರದು ಅನ್ನೋದು ಅವರ ನಿಲುವು.

ನಮ್ಮಲ್ಲಿ ಎಷ್ಟೋ ಜನ ನಾಳೆ ಆಡಿಟ್ ಆಫೀಸು, ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಕೂತು ಇಂಥ ಕಾಲಂಗಳನ್ನೇ ತುಂಬೋರು. ಯಾರನ್ನ ಎಲ್ಲಿ ಬರೀತೀವಿ ಅನ್ನೋದು ಆಗ ನಮ್ಮ ಕೈಲಿರುತ್ತೆ.

ಒಂದು ಕೆಲಸ ಮಾಡಿ. ನಿಮ್ಮ ಮನೇಲೋ ಅಜ್ಜಿ ಊರಲ್ಲೋ ಜಮೀನಿದ್ರೆ ಪಹಣಿ ಯಾರ ಹೆಸರಲ್ಲಿದೆ ಅಂತ ಕೇಳಿ. ಕಳೆ ಕೀಳೋದು, ಬಿತ್ತೋದು, ದನ ನೋಡ್ಕೊಳ್ಳೋದು ಯಾರು ಅಂತಾನೂ ಕೇಳಿ. ಎರಡು ಹೆಸರೂ ಒಂದೇನಾ? ಹೆಸರು ಬರೆಯೋದು ಬೇಡ, ಹೌದು ಅಥವಾ ಇಲ್ಲ ಅಂತ ಕಾಮೆಂಟ್ ಮಾಡಿ.

#ಸುದ್ದಿಹಿಂದಿನಜನ #ಪಿಸಾಯಿನಾಥ್ #ಬಿಕಾಂಹುಡುಗರಇತಿಹಾಸ