ಕಾರ್ತಿಕದ ಆಕಾಶ ಮತ್ತು ಕಿವಿ ಕೇಳದ ಇಬ್ಬರು ಹುಡುಗರು

ನಮ್ಮ ಶಾಲೆಗೆ ಐವತ್ತು ತುಂಬಿದೆ. ಈ ಐವತ್ತು ವರ್ಷಗಳಲ್ಲಿ ಗುರು ಗ್ರಹ ಸೂರ್ಯನ ಸುತ್ತ ನಾಲ್ಕು ಸುತ್ತು ಮುಗಿಸಿ ಐದನೆಯದನ್ನು ಹಿಡಿದಿದೆ. ನಿಧಾನಕ್ಕೆ ಹೆಸರಾದ ಶನಿಗೆ ಎರಡನೆಯ ಸುತ್ತು ಇನ್ನೂ ಮುಗಿದಿಲ್ಲ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನ್ನ ಕಣ್ಣ ಮುಂದೆ ಬಂದದ್ದು, ಶಾಲೆಯ ಮೈದಾನದಲ್ಲಿ ಜಮಖಾನ ಹಾಸಿಕೊಂಡು ಆಕಾಶ ನೋಡಿದ ಒಂದು ಕಾರ್ತಿಕದ ರಾತ್ರಿ. ಅಂದು ನೋಡಿದ ಆ ಆಕಾಶಕ್ಕೆ ಒಂದು ದೊಡ್ಡ ಇತಿಹಾಸವಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಒಂಬತ್ತನೇ ತರಗತಿ. ದೀಪಾವಳಿ ಕಳೆದು ಮಳೆ ಹಿಂದೆ ಸರಿದಿತ್ತು, ಹೊಲದಲ್ಲಿ ರಾಗಿ ತೆನೆ ಬಲಿಯುತ್ತಿತ್ತು. ವಿಜ್ಞಾನದ ಮೇಷ್ಟ್ರು ರಾತ್ರಿ ಊಟ ಮುಗಿಸಿ ಬರುವಂತೆ ಹೇಳಿದ್ದರು. ಶಾಲೆಯಲ್ಲಿ ದೂರದರ್ಶಕ ಇರಲಿಲ್ಲ. ಮೇಷ್ಟ್ರ ಕೈಯಲ್ಲಿ ಒಂದು ಟಾರ್ಚು, ರಟ್ಟಿನ ಮೇಲೆ ಬರೆದ ಒಂದು ನಕಾಶೆ, ಅಷ್ಟೆ. ಮೊದಲು ಅವರು ಕೇಳಿದ್ದು, "ಸ್ವಾತಿ ಮಳೆ ಈಗ ತಾನೇ ಹೋಯಿತಲ್ಲ, ಸ್ವಾತಿ ನಕ್ಷತ್ರ ಎಲ್ಲಿದೆ ತೋರಿಸಿ ನೋಡೋಣ" ಎಂದು. ನಾವೆಲ್ಲ ದಿಕ್ಕುದಿಕ್ಕಿಗೆ ಕೈ ತೋರಿಸಿದೆವು. ಎಲ್ಲರದ್ದೂ ತಪ್ಪು.

ನಮ್ಮ ರೈತರ ಮಳೆ ನಕ್ಷತ್ರವೆಂದರೆ ಸೂರ್ಯ ಆಗ ಇರುವ ನಕ್ಷತ್ರ. ಒಂದೊಂದರಲ್ಲಿ ಸೂರ್ಯ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಸ್ವಾತಿ ಮಳೆಯ ಹೊತ್ತಿಗೆ ಆಕಾಶದ ಆ ಭಾಗ ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುತ್ತದೆ. ರಾತ್ರಿ ನಮ್ಮ ತಲೆಯ ಮೇಲೆ ಬರುವುದು ಅದರ ಎದುರು ಭಾಗ: ಅಶ್ವಿನಿ, ಭರಣಿ, ಕೃತ್ತಿಕೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿ ಕೃತ್ತಿಕೆಯ ಬಳಿ ನಿಲ್ಲುವುದರಿಂದಲೇ ಈ ತಿಂಗಳಿಗೆ ಕಾರ್ತಿಕ ಎಂಬ ಹೆಸರು. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಇಪ್ಪತ್ತೇಳು ನಕ್ಷತ್ರಗಳ ಹೆಸರನ್ನೂ ಸಾಲಾಗಿ ಹೇಳುತ್ತಿದ್ದರು. ಅಜ್ಜಿಯ ಬಾಯಲ್ಲಿದ್ದದ್ದು ಖಗೋಳಶಾಸ್ತ್ರ ಎಂದು ನನಗೆ ಗೊತ್ತಾದದ್ದು ಅಂದು ರಾತ್ರಿ.

ಆಮೇಲೆ ಮೇಷ್ಟ್ರು ಉತ್ತರಕ್ಕೆ ತಿರುಗಿಸಿದರು. ಅಲ್ಲಿ ಐದು ನಕ್ಷತ್ರಗಳು ಇಂಗ್ಲಿಷಿನ ಎಂ ಅಕ್ಷರದಂತೆ ನಿಂತಿದ್ದವು. ಹೊರದೇಶದವರು ಕ್ಯಾಸಿಯೋಪಿಯಾ ಎನ್ನುವ ಈ ಪುಂಜಕ್ಕೆ ನಮ್ಮ ಕನ್ನಡ ಪುಸ್ತಕಗಳಲ್ಲಿ ಕುಂತಿ ಎಂದು ಹೆಸರು. ಕುಂತಿಯ ಎಡಕ್ಕೆ ಯುಧಿಷ್ಠಿರ, ಬಲಕ್ಕೆ ಪಾರ್ಥ, ಮೇಲೆ ನೆತ್ತಿಯ ಕಡೆಗೆ ದ್ರೌಪದಿ. ಒಂದು ಮನೆಯವರೆಲ್ಲ ಒಟ್ಟಿಗೆ ಕುಳಿತಂತೆ. ಈ ನಾಲ್ಕು ಪುಂಜಗಳಲ್ಲಿ ಮನುಷ್ಯ ಕಂಡುಕೊಂಡ ಸಂಗತಿಗಳು ವಿಶ್ವದ ಬಗೆಗಿನ ನಮ್ಮ ತಿಳಿವಳಿಕೆಯನ್ನೇ ಬದಲಿಸಿವೆ. ಆ ಕೆಲಸ ಶುರುವಾದದ್ದು ಬರಿಗಣ್ಣಿನಿಂದ.

ಮೊದಲನೆಯದು ಕುಂತಿಯಲ್ಲಿ. 1572ರ ನವೆಂಬರ್ 11ರ ಸಂಜೆ ಡೆನ್ಮಾರ್ಕಿನ ಟೈಕೋ ಬ್ರಾಹೆ ಮನೆಗೆ ಹೋಗುವಾಗ ತಲೆ ಎತ್ತಿ ನೋಡಿದ. ಹಿಂದೆಂದೂ ಇಲ್ಲದ ಒಂದು ನಕ್ಷತ್ರ ಅಲ್ಲಿ ಹೊಳೆಯುತ್ತಿತ್ತು. ತನ್ನ ಕಣ್ಣನ್ನು ತಾನೇ ನಂಬದೆ ಜೊತೆಯಲ್ಲಿದ್ದ ಆಳುಗಳನ್ನು ಕೇಳಿ ಖಚಿತ ಮಾಡಿಕೊಂಡ. ಚಂದ್ರನಿಂದಾಚೆಗಿನ ಆಕಾಶ ಎಂದಿಗೂ ಬದಲಾಗದು ಎಂದು ಯೂರೋಪಿನ ಪಂಡಿತರು ಅರಿಸ್ಟಾಟಲನ ಕಾಲದಿಂದ ನಂಬಿದ್ದರು. ಟೈಕೋ ರಾತ್ರಿಯ ಮೇಲೆ ರಾತ್ರಿ ಅಳೆದ. ಅದು ಅಕ್ಕಪಕ್ಕದ ನಕ್ಷತ್ರಗಳ ನಡುವೆ ಒಂದಿಷ್ಟೂ ಕದಲಲಿಲ್ಲ. ಹತ್ತಿರದ ವಸ್ತುವಾಗಿದ್ದರೆ ಕದಲಬೇಕಿತ್ತು. ಆದ್ದರಿಂದ ಅದು ಚಂದ್ರನಿಗಿಂತ ಬಹಳ ದೂರದ್ದು, ಅಂದರೆ ಆಕಾಶವೂ ಬದಲಾಗುತ್ತದೆ. 1574ರ ವೇಳೆಗೆ ಅದು ಕಣ್ಣಿಗೆ ಕಾಣದಂತೆ ಮಂಕಾಯಿತು. ಅದು ಸಿಡಿದ ನಕ್ಷತ್ರ ಎಂದು ನಮಗೆ ಈಗ ಗೊತ್ತು. ಟೈಕೋನ ಕಾಲದಲ್ಲಿ ದೂರದರ್ಶಕ ಇನ್ನೂ ಹುಟ್ಟಿರಲಿಲ್ಲ.

ಎರಡನೆಯದು ಪಾರ್ಥದಲ್ಲಿ. ಈ ಲೇಖನ ಬರೆಯಬೇಕೆನಿಸಿದ್ದೇ ಆ ಕಥೆಗಾಗಿ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಜಾನ್ ಗುಡ್ರಿಕ್ ಎಂಬ ಹುಡುಗನಿದ್ದ. ಹುಟ್ಟಿದ್ದು 1764ರಲ್ಲಿ. ಚಿಕ್ಕಂದಿನಲ್ಲೇ ಕಾಯಿಲೆ ಬಿದ್ದು ಕಿವಿ ಪೂರಾ ಹೋಯಿತು. ಆದರೆ ಮನೆಯವರು ಅವನನ್ನು ಎಡಿನ್‌ಬರೋದಲ್ಲಿದ್ದ ಥಾಮಸ್ ಬ್ರೈಡ್‌ವುಡ್ ಎಂಬುವರ ಶಾಲೆಗೆ ಸೇರಿಸಿದರು. ಕಿವಿ ಕೇಳದ ಮಕ್ಕಳಿಗೆಂದೇ ನಡೆಯುತ್ತಿದ್ದ ಶಾಲೆ ಅದು. ಅಲ್ಲಿ ಓದು ಬರಹ ಕಲಿತ, ಮುಂದೆ ವಾರಿಂಗ್ಟನ್‌ನಲ್ಲಿ ಗಣಿತ ಕಲಿತ. ಯಾರ್ಕಿಗೆ ಮರಳಿದಾಗ ನೆರೆಯಲ್ಲಿದ್ದ ಎಡ್ವರ್ಡ್ ಪಿಗಟ್ ಎಂಬ ಗೆಳೆಯ ಅವನಿಗೆ ನಕ್ಷತ್ರ ನೋಡುವ ಹುಚ್ಚು ಹಿಡಿಸಿದ.

ಪಾರ್ಥ ಪುಂಜದಲ್ಲಿ ಆಲ್ಗಾಲ್ ಎಂಬ ನಕ್ಷತ್ರವಿದೆ. ಅದರ ಹೊಳಪು ಒಮ್ಮೊಮ್ಮೆ ಕುಗ್ಗುತ್ತದೆ ಎಂದು ನೂರು ವರ್ಷ ಮೊದಲೇ ಇಟಲಿಯಲ್ಲಿ ಒಬ್ಬರು ಗಮನಿಸಿದ್ದರು, ಆದರೆ ಅದಕ್ಕೊಂದು ಲೆಕ್ಕ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ. 1782ರ ನವೆಂಬರ್ 12ರ ರಾತ್ರಿ ಗುಡ್ರಿಕ್ ಅದು ಮಂಕಾದದ್ದನ್ನು ಕಂಡ. ಆಗ ಅವನಿಗೆ ಹದಿನೆಂಟು. ಮೋಡವಿಲ್ಲದ ಪ್ರತಿ ರಾತ್ರಿ ಪಕ್ಕದ ನಕ್ಷತ್ರಗಳ ಜೊತೆ ಅದನ್ನು ಹೋಲಿಸಿ ಪುಸ್ತಕದಲ್ಲಿ ಬರೆದಿಡುತ್ತ ಹೋದ. ಕೊನೆಗೆ ಲೆಕ್ಕ ಸಿಕ್ಕಿತು. ಆಲ್ಗಾಲ್ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ, ಗಡಿಯಾರದಂತೆ, ಮಂಕಾಗುತ್ತದೆ. ಕಾಣದ ಇನ್ನೊಂದು ಕಾಯ ಅದರ ಮುಂದೆ ಹಾದುಹೋಗುತ್ತಿರಬೇಕು ಎಂದು ಅವನು ಊಹಿಸಿದ, ಅಂದರೆ ನಕ್ಷತ್ರಕ್ಕೆ ಹಿಡಿಯುವ ಗ್ರಹಣ. ಲಂಡನ್ನಿನ ರಾಯಲ್ ಸೊಸೈಟಿ 1783ರಲ್ಲಿ ಅವನಿಗೆ ತನ್ನ ಕಾಪ್ಲೆ ಪದಕ ಕೊಟ್ಟಿತು. ಊಹೆ ನಿಜವೆಂದು ಜರ್ಮನಿಯ ಹರ್ಮನ್ ಫೋಗೆಲ್ ಖಚಿತಪಡಿಸಿದ್ದು 1889ರಲ್ಲಿ, ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

1784ರಲ್ಲಿ ಗುಡ್ರಿಕ್ ಯುಧಿಷ್ಠಿರ ಪುಂಜದಲ್ಲಿ ಇನ್ನೊಂದನ್ನು ಹಿಡಿದ. ಡೆಲ್ಟಾ ಸಿಫೈ ಎಂಬ ಆ ನಕ್ಷತ್ರ ಐದು ದಿನ ಎಂಟೂಮುಕ್ಕಾಲು ಗಂಟೆಗೊಮ್ಮೆ ಬೇಗ ಬೆಳಗಿ ನಿಧಾನವಾಗಿ ಮಂಕಾಗುತ್ತದೆ. 1786ರ ಏಪ್ರಿಲ್‌ನಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ನಾಲ್ಕೇ ದಿನಕ್ಕೆ ಅವನು ತೀರಿಕೊಂಡ. ಇಪ್ಪತ್ತೊಂದು ವರ್ಷದ ಆಯುಸ್ಸು.

ಅವನು ಬಿಟ್ಟುಹೋದ ದಾರದ ಎಳೆಯನ್ನು ಹಿಡಿದವರು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್. ಅಲ್ಲಿ ಹೆಂಗಸರು ದಿನವಿಡೀ ಕುಳಿತು ಆಕಾಶದ ಫೋಟೋಗಳನ್ನು ಅಳೆದು ಲೆಕ್ಕ ಹಾಕುತ್ತಿದ್ದರು. ಅವರ ಕೆಲಸದ ಹೆಸರೇ ಕಂಪ್ಯೂಟರ್. ನನ್ನ ಹೊಟ್ಟೆಪಾಡಿನ ಯಂತ್ರಕ್ಕೆ ಆ ಹೆಸರು ಬರುವ ಮೊದಲು ಅದು ಮನುಷ್ಯರ ಹೆಸರಾಗಿತ್ತು. ಲೆವಿಟ್‌ಗೂ ಕಿವಿ ಮಂದವಾಗುತ್ತ ಹೋಗಿತ್ತು. ಡೆಲ್ಟಾ ಸಿಫೈ ಜಾತಿಯ ನಕ್ಷತ್ರಗಳಲ್ಲಿ ಏರಿಳಿತದ ಅವಧಿ ಉದ್ದವಾದಷ್ಟೂ ನಿಜವಾದ ಪ್ರಕಾಶ ಹೆಚ್ಚು ಎಂದು ಅವರು 1912ರಲ್ಲಿ ತೋರಿಸಿದರು. ಬಲ್ಬು ಎಷ್ಟು ವಾಟಿನದು ಎಂದು ಗೊತ್ತಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಹೇಳಬಹುದಲ್ಲ, ಹಾಗೆ. ಮನುಷ್ಯನಿಗೆ ಆಕಾಶದ ಅಳತೆಗೋಲು ಸಿಕ್ಕಿತು.

ಮೂರನೆಯದು ದ್ರೌಪದಿಯಲ್ಲಿ. ಅಲ್ಲಿ ಕಪ್ಪು ರಾತ್ರಿಗಳಲ್ಲಿ ಬೆರಳಿನಿಂದ ಸುಣ್ಣ ಒರೆಸಿದಂತೆ ಒಂದು ಮಸುಕು ಕಾಣುತ್ತದೆ. ಪರ್ಷಿಯಾದ ಅಲ್ ಸೂಫಿ ಹತ್ತನೆಯ ಶತಮಾನದಲ್ಲೇ ಅದನ್ನು ಸಣ್ಣ ಮೋಡ ಎಂದು ಬರೆದಿಟ್ಟಿದ್ದ. ಅದು ನಮ್ಮ ಆಕಾಶಗಂಗೆಯ ಒಳಗಿನದೋ ಹೊರಗಿನದೋ ಎಂಬ ವಾದ ಬಹುಕಾಲ ನಡೆಯಿತು. 1923ರ ಅಕ್ಟೋಬರ್ ಮೊದಲ ವಾರ ಮೌಂಟ್ ವಿಲ್ಸನ್‌ನ ನೂರು ಇಂಚಿನ ದೂರದರ್ಶಕದಲ್ಲಿ ಎಡ್ವಿನ್ ಹಬಲ್ ಅದರ ಫೋಟೋ ತೆಗೆದರು. ಒಂದು ಚುಕ್ಕೆಯನ್ನು ಮೊದಲು ಹೊಸ ನಕ್ಷತ್ರವೆಂದು ಗುರುತಿಸಿ, ಆಮೇಲೆ ಅದನ್ನು ಹೊಡೆದುಹಾಕಿ, ಬದಲಾಗುವ ನಕ್ಷತ್ರ ಎಂದು ತಿದ್ದಿದರು. ಅದು ಗುಡ್ರಿಕ್ ಕಂಡ ಡೆಲ್ಟಾ ಸಿಫೈ ಜಾತಿಯದು. ಲೆವಿಟ್ ಅವರ ಕೋಲಿನಿಂದ ಅಳೆದಾಗ ಆ ಮಸುಕು ನಮ್ಮ ಆಕಾಶಗಂಗೆಯಿಂದ ಬಹಳ ಹೊರಗೆ ಬಿತ್ತು. ಅದು ಇನ್ನೊಂದು ಗ್ಯಾಲಕ್ಸಿ. ಇಂದಿನ ಲೆಕ್ಕಕ್ಕೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ವಿಶ್ವ ಎಷ್ಟು ದೊಡ್ಡದು ಎಂದು ತಿಳಿದದ್ದರ ಬುಡದಲ್ಲಿ ಯಾರ್ಕಿನ ಒಬ್ಬ ಕಿವಿ ಕೇಳದ ಹುಡುಗನ ನೋಟ್‌ಬುಕ್ ಇದೆ.

ಈಗ ನಮ್ಮ ಮೈದಾನಕ್ಕೆ ಬರುತ್ತೇನೆ. ಅಂದು ರಾತ್ರಿ ಮೇಷ್ಟ್ರು ದ್ರೌಪದಿಯ ಆ ಮಸುಕನ್ನು ತೋರಿಸಲು ಅರ್ಧ ಗಂಟೆ ಕಷ್ಟಪಟ್ಟರು. ನಮಗಾರಿಗೂ ಕಾಣಲಿಲ್ಲ. ಮೊದಲು ಕಂಡದ್ದು ನಮ್ಮ ತರಗತಿಯ ಒಬ್ಬ ಹುಡುಗನಿಗೆ. ಅವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಮೇಷ್ಟ್ರ ಮಾತು ಕೇಳದ್ದರಿಂದ ಅವನು ಅವರ ಟಾರ್ಚಿನ ಬೆಳಕನ್ನೇ ನೋಡುತ್ತಿದ್ದ. ಎದ್ದು ಬಂದು ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ ತೋರಿಸಿದ. ಮಾರನೆಯ ದಿನ ಗೆರೆ ಹಾಳೆಯಲ್ಲಿ ಕುಂತಿ, ಪಾರ್ಥ, ದ್ರೌಪದಿ ಎಲ್ಲವನ್ನೂ ನೆನಪಿನಿಂದ ಚುಕ್ಕೆ ಇಟ್ಟು ಬರೆದು ತಂದಿದ್ದ. ಚುಕ್ಕೆಗಳ ದಪ್ಪ ಕೂಡ ಸರಿಯಾಗಿತ್ತು.

ಉಳಿದ ದಿನಗಳಲ್ಲಿ ಅವನು ಕೊನೆಯ ಬೆಂಚು. ಪಾಠ ಬಾಯಲ್ಲಿ ನಡೆಯುತ್ತಿತ್ತು, ಅವನಿಗೆ ತಲುಪುತ್ತಿರಲಿಲ್ಲ. ನಾವು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅವನ ಕೊರತೆಯನ್ನೇ ಹೆಸರು ಮಾಡಿಕೊಂಡಿದ್ದೆವು. ಹಾಗೆ ಕರೆದವರಲ್ಲಿ ನಾನೂ ಒಬ್ಬ. ಹತ್ತನೇ ತರಗತಿಗೆ ಅವನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಕೇಳಲೂ ಇಲ್ಲ.

ಬಿ.ಇ. ಮುಗಿಸಿ ಬೆಂಗಳೂರಿಗೆ ಹೋಗಿ ಕೆಲವು ವರ್ಷಗಳ ಮೇಲೆ ಗುಡ್ರಿಕ್‌ನ ಕಥೆ ಓದಿದೆ. ಅಂದು ನಿದ್ದೆ ಬರಲಿಲ್ಲ. ಇಬ್ಬರ ಕಣ್ಣಿಗೂ ಒಂದೇ ಚುರುಕು. ವ್ಯತ್ಯಾಸವಿದ್ದದ್ದು ಒಂದರಲ್ಲಿ: ಒಬ್ಬನಿಗೆ ಬ್ರೈಡ್‌ವುಡ್ ಅವರ ಶಾಲೆ ಸಿಕ್ಕಿತ್ತು, ಪಿಗಟ್‌ನಂಥ ಗೆಳೆಯ ಸಿಕ್ಕಿದ್ದ. ಇನ್ನೊಬ್ಬನ ಪಕ್ಕದ ಬೆಂಚಿನಲ್ಲಿ ನಾನಿದ್ದೆ.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅವನ ವೆಲ್ಡಿಂಗ್ ಅಂಗಡಿ ಹುಡುಕಿಕೊಂಡು ಹೋದೆ. ಗುಡ್ರಿಕ್‌ನ ಚಿತ್ರವನ್ನು ಫೋನಿನಲ್ಲಿ ತೋರಿಸಿ, ಕಥೆಯನ್ನು ಚೀಟಿಯಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದುಕೊಟ್ಟೆ. ಅವನು ನಿಧಾನವಾಗಿ ಓದಿದ. ಆಮೇಲೆ ಹೊರಗೆ ಬಂದು ಉತ್ತರಕ್ಕೆ ಕೈ ತೋರಿಸಿ, ಬೀದಿಯ ಎಲ್‌ಇಡಿ ದೀಪದ ಕಡೆಗೂ ತೋರಿಸಿ, ಇಲ್ಲ ಎಂದು ಕೈ ಆಡಿಸಿದ. ದೀಪ ಬಂದ ಮೇಲೆ ಆ ಮಸುಕು ಕಾಣುವುದಿಲ್ಲವಂತೆ. ಅಂದರೆ ಇಷ್ಟು ವರ್ಷ ಅವನು ನೋಡುತ್ತಲೇ ಇದ್ದ.

ಸುವರ್ಣ ಮಹೋತ್ಸವದ ಈ ವರ್ಷ ಊರಿನವರಲ್ಲಿ, ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ಕಾರ್ತಿಕದ ಅಮಾವಾಸ್ಯೆಯ ಆಸುಪಾಸು ಒಂದು ರಾತ್ರಿ, ಒಂದೇ ಗಂಟೆ, ಮೈದಾನದ ದೊಡ್ಡ ದೀಪ ಆರಿಸಿ ಮಕ್ಕಳನ್ನು ಕರೆಯೋಣ. ದೂರದರ್ಶಕ ನಾನು ತರುತ್ತೇನೆ. ಆದರೆ ಆಲ್ಗಾಲ್ ನೋಡಲು ಅದೂ ಬೇಡ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಚಳಿಗಾಲ ಮುಗಿಯುವುದರೊಳಗೆ ಅದರ ಲೆಕ್ಕವನ್ನು ನಮ್ಮ ಮಕ್ಕಳೂ ತಾವಾಗಿ ಕಂಡುಕೊಳ್ಳಬಲ್ಲರು. ತೋರಿಸಿಕೊಡಲು ನನ್ನ ಗೆಳೆಯನನ್ನು ಕರೆಯೋಣ. ಬರಲು ಒಪ್ಪಿದ್ದಾನೆ.

ರಾತ್ರಿ ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಪೂರ್ವದಲ್ಲಿ ಪುನರ್ವಸುವಿನ ಜೋಡಿ ನಕ್ಷತ್ರಗಳು ಮೇಲೇರುತ್ತವೆ. ಅವುಗಳಲ್ಲಿ ಕ್ಯಾಸ್ಟರ್ ಎಂಬುದು ಇಲ್ಲಿಂದ ಸುಮಾರು 50 ಜ್ಯೋತಿರ್ವರ್ಷ ದೂರ. ಈ ವರ್ಷ ನಮ್ಮ ಕಣ್ಣು ತಲುಪುವ ಅದರ ಬೆಳಕು, ನಮ್ಮ ಶಾಲೆಯ ಬಾಗಿಲು ತೆರೆದ ಕಾಲಕ್ಕೆ ಅಲ್ಲಿಂದ ಹೊರಟದ್ದು. ಅದನ್ನು ನೋಡಲು ಈ ಸಲ ಎಲ್ಲರೂ ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳೋಣ.